ಕದಿಯುವವರು ಬರುವ ಮುನ್ನವೇ ಕೈತಪ್ಪುವ ಆಸ್ತಿ

ಮಕ್ಕಳು ಮೇಲೆ ಕುಳಿತು ಸವಾರಿ ಮಾಡಬಹುದಾದ ಚಕ್ರದ ಸೂಟ್‌ಕೇಸ್ ಒಂದಿದೆ. ಹೆಸರು ಟ್ರಂಕಿ. ಅದನ್ನು ರೂಪಿಸಿದವರು ಬ್ರಿಟನ್ನಿನ ರಾಬ್ ಲಾ. ಮಾರುಕಟ್ಟೆಗೆ ತಂದದ್ದು ಮ್ಯಾಗ್ಮ್ಯಾಟಿಕ್ ಎಂಬ ಅವರ ಸಣ್ಣ ಕಂಪನಿ. 2003ರಲ್ಲೇ ವಿನ್ಯಾಸವನ್ನು ಯುರೋಪಿಯನ್ ಒಕ್ಕೂಟದಲ್ಲಿ ನೋಂದಾಯಿಸಿಯೂ ಆಗಿತ್ತು. ಮುಂದೆ ಇನ್ನೊಂದು ಕಂಪನಿ ಟ್ರಂಕಿಯನ್ನು ನೋಡಿ ಅದೇ ಬಗೆಯ ಅಗ್ಗದ ಸೂಟ್‌ಕೇಸ್ ಮಾರತೊಡಗಿದಾಗ ಮ್ಯಾಗ್ಮ್ಯಾಟಿಕ್ ನ್ಯಾಯಾಲಯದ ಮೆಟ್ಟಿಲೇರಿತು. 2013ರಲ್ಲಿ ಬ್ರಿಟನ್ನಿನ ಹೈಕೋರ್ಟ್ ಅದರ ಪರ ತೀರ್ಪು ಕೊಟ್ಟಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಮ್ಯಾಗ್ಮ್ಯಾಟಿಕ್ ಸೋತಿತು.

ಸೋಲಿಸಿದ್ದು ಅರ್ಜಿಯೊಂದಿಗೆ ಕೊಟ್ಟಿದ್ದ ಚಿತ್ರಗಳು. ಕಂಪ್ಯೂಟರಿನಲ್ಲಿ ತಯಾರಿಸಿದ, ಬೂದು ಛಾಯೆಯ ಆ ಚಿತ್ರಗಳಲ್ಲಿ ಸೂಟ್‌ಕೇಸಿನ ಮೈ ಒಂದು ಬಣ್ಣದಲ್ಲಿತ್ತು, ಚಕ್ರ ಮತ್ತು ಪಟ್ಟಿಗಳು ಅದಕ್ಕಿಂತ ಗಾಢವಾಗಿದ್ದವು. ನೋಡಿದರೆ ಕೊಂಬಿರುವ ಪ್ರಾಣಿಯ ನೆನಪಾಗುತ್ತಿತ್ತು. ಮೈಮೇಲೆ ಯಾವ ಅಲಂಕಾರವೂ ಇರಲಿಲ್ಲ. ಎದುರಾಳಿಯ ಸೂಟ್‌ಕೇಸಿನಲ್ಲಾದರೋ ಕೊಂಬಿನ ಜಾಗದಲ್ಲಿ ಕೀಟದ ಮೀಸೆ ಅಥವಾ ಪ್ರಾಣಿಯ ಕಿವಿ, ಮೈತುಂಬ ಚಿತ್ತಾರ. ಒಟ್ಟು ನೋಟ ಬೇರೆಯೇ ಆಯಿತು ಎಂದಿತು ನ್ಯಾಯಾಲಯ. ಕಲ್ಪನೆ ಹೊಸದು, ಜಾಣತನದ್ದು ಎಂದು ನ್ಯಾಯಮೂರ್ತಿಗಳು ಮನಸಾರೆ ಒಪ್ಪಿಕೊಂಡರು. ಆದರೆ ವಿನ್ಯಾಸ ಹಕ್ಕು ಕಾಯುವುದು ವಿನ್ಯಾಸವನ್ನು, ಅದರ ಹಿಂದಿನ ಕಲ್ಪನೆಯನ್ನಲ್ಲ ಎಂದೂ ಹೇಳಿದರು. ಬರೀ ಹೊರಗೆರೆಯ ಚಿತ್ರ ಕೊಟ್ಟು ಆಕಾರಕ್ಕಷ್ಟೇ ಹಕ್ಕು ಕೇಳಿದ್ದರೆ ರಕ್ಷಣೆಯ ವ್ಯಾಪ್ತಿ ಹಿಗ್ಗುತ್ತಿತ್ತು.

ಈ ಮೊಕದ್ದಮೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಣ್ಣ ಉದ್ಯಮಗಳು ಬೌದ್ಧಿಕ ಆಸ್ತಿಯನ್ನು ಕಳೆದುಕೊಳ್ಳುವುದು ಸಾಮಾನ್ಯವಾಗಿ ಹೀಗೆಯೇ. ನಕಲು ಮಾಡುವವನು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲು, ಒಂದು ಅವಸರದ ಅರ್ಜಿಯಲ್ಲಿ, ಬರೆಯದೆ ಬಿಟ್ಟ ಒಂದು ಒಪ್ಪಂದದಲ್ಲಿ, ಉತ್ಸಾಹದಿಂದ ಮುಂಚಿತವಾಗಿ ಹಾಕಿದ ಒಂದು ವಿಡಿಯೊದಲ್ಲಿ ಆಸ್ತಿ ಸೋರಿಹೋಗಿರುತ್ತದೆ. ಕಳ್ಳ ಬಂದಾಗ ಗೊತ್ತಾಗುವುದು ಮನೆಗೆ ಬಾಗಿಲೇ ಇರಲಿಲ್ಲ ಎಂಬುದು.

ಯುರೋಪಿಯನ್ ಪೇಟೆಂಟ್ ಕಚೇರಿ ಮತ್ತು ಯುರೋಪಿಯನ್ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಪೇಟೆಂಟ್, ಟ್ರೇಡ್‌ಮಾರ್ಕ್ ಅಥವಾ ವಿನ್ಯಾಸ ನೋಂದಣಿ ಹೊಂದಿದ್ದ ಸಣ್ಣ ಮತ್ತು ಮಧ್ಯಮ ಉದ್ಯಮಗಳು ನೂರಕ್ಕೆ ಒಂಬತ್ತನ್ನು ಮೀರಿರಲಿಲ್ಲ. ದೊಡ್ಡ ಕಂಪನಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನೋಂದಣಿ ಮಾಡಿಸಿಕೊಂಡಿದ್ದವು. ನೋಂದಣಿ ಇದ್ದ ಸಣ್ಣ ಉದ್ಯಮಗಳಲ್ಲಿ ತಲಾ ಉದ್ಯೋಗಿಯ ಲೆಕ್ಕದ ವರಮಾನ ಶೇ 68ರಷ್ಟು ಹೆಚ್ಚಿತ್ತು ಎಂದೂ ಆ ಅಧ್ಯಯನ ಹೇಳಿತು. ಈ ಅಂಕಿಯನ್ನು ಹಿಡಿದು ಪ್ರಮಾಣಪತ್ರ ಬಂದರೆ ಹಣವೂ ಬರುತ್ತದೆ ಎಂದುಕೊಳ್ಳಬಾರದು. ಚೆನ್ನಾಗಿ ನಡೆಯುವ ಉದ್ಯಮವೇ ನೋಂದಣಿಗೂ ಮುಂದಾಗುತ್ತದೆ ಎನ್ನುವುದೂ ಅಷ್ಟೇ ಸಾಧ್ಯ. ಆದರೆ ಮೊದಲ ಅಂಕಿ ಮಾತ್ರ ಯೋಚಿಸುವಂತೆ ಮಾಡುತ್ತದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಉದ್ಯಮಗಳು ತಮ್ಮ ಹೆಸರನ್ನೂ ರೂಪವನ್ನೂ ಬಯಲಿನಲ್ಲಿಟ್ಟು ವ್ಯಾಪಾರ ಮಾಡುತ್ತಿವೆ.

ಬೌದ್ಧಿಕ ಆಸ್ತಿ ಎಂಬ ಒಂದೇ ಹೆಸರಿನಡಿ ಮುಖ್ಯವಾಗಿ ಐದು ಬೇರೆ ಬೇರೆ ಹಕ್ಕುಗಳಿವೆ. ಹೊಸ ಆವಿಷ್ಕಾರಕ್ಕೆ ಪೇಟೆಂಟ್, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಹೆಸರು, ಲೋಗೊಗಳಿಗೆ ಟ್ರೇಡ್‌ಮಾರ್ಕ್. ಬಳಸುತ್ತ, ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ವಸ್ತುವಿನ ನೋಟಕ್ಕೆ ವಿನ್ಯಾಸ ನೋಂದಣಿ. ಬರಹ, ಚಿತ್ರ, ಛಾಯಾಚಿತ್ರ, ಸಾಫ್ಟ್‌ವೇರುಗಳಿಗೆ ಕೃತಿಸ್ವಾಮ್ಯ. 1886ರ ಬರ್ನ್ ಒಡಂಬಡಿಕೆಯ ನಂತರದ ಪರಿಷ್ಕರಣೆಗಳ ಫಲವಾಗಿ ಇದಕ್ಕೆ ಯಾವ ಕಚೇರಿಯ ಮುದ್ರೆಯೂ ಬೇಕಿಲ್ಲ, ಕೃತಿ ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ. ಕೊನೆಯದು ವ್ಯಾಪಾರ ರಹಸ್ಯ, ಗುಟ್ಟಾಗಿ ಉಳಿದಷ್ಟು ಕಾಲ ಮಾತ್ರ ಬಾಳುವಂಥದ್ದು. ಒಂದೇ ಉತ್ಪನ್ನದಲ್ಲಿ ಐದೂ ಇರಬಹುದು. ಯಾವುದು ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ವಕೀಲರೂ ಬೇಡ, ಹಣವೂ ಬೇಡ. ಆದರೂ ಅದನ್ನು ಮಾಡುವವರು ಅಪರೂಪ.

ಆ ಹಾಳೆ ಬರೆಯಲು ಕುಳಿತವರಿಗೆ ಮೊದಲು ಎದುರಾಗುವ ಪ್ರಶ್ನೆ, ಇದೆಲ್ಲ ನಿಜಕ್ಕೂ ನಮ್ಮದೇ ಎಂಬುದು.

ಲೋಗೊದ ಉದಾಹರಣೆಯನ್ನೇ ನೋಡಿ. ಉದ್ಯಮ ಆರಂಭಿಸುವ ಗಡಿಬಿಡಿಯಲ್ಲಿ ಪರಿಚಯದ ಕಲಾವಿದರೊಬ್ಬರಿಗೆ ಹೇಳಿ ಮಾಡಿಸಿದ್ದು. ನಾಲ್ಕು ಮಾದರಿ ಬಂದವು, ಮೂರನೆಯದು ಒಪ್ಪಿಗೆಯಾಯಿತು, ಬಣ್ಣ ತುಸು ತಿದ್ದಿಸಿಕೊಂಡದ್ದಾಯಿತು. ಹಣ ಕಳುಹಿಸಿದ ಮೇಲೆ ಇಮೇಲಿನಲ್ಲಿ ಫೈಲುಗಳು ಬಂದವು, ಜೊತೆಗೆ ‘ಧನ್ಯವಾದ, ಮತ್ತೆ ಕೆಲಸವಿದ್ದರೆ ತಿಳಿಸಿ’ ಎಂಬ ಒಂದು ಸಾಲು. ಅಲ್ಲಿಗೆ ವ್ಯವಹಾರ ಮುಗಿಯಿತು. ಈ ಪತ್ರವ್ಯವಹಾರದಲ್ಲಿ ಕೃತಿಸ್ವಾಮ್ಯದ ಮಾತು ಎಲ್ಲಿಯೂ ಇಲ್ಲ. ಬಹಳ ದೇಶಗಳ ಕಾನೂನಿನಲ್ಲಿ, ಸಂಬಳದ ಉದ್ಯೋಗಿ ಕೆಲಸದ ಭಾಗವಾಗಿ ಮಾಡಿದ್ದು ಸಂಸ್ಥೆಗೆ ಸೇರುತ್ತದೆ. ಹೊರಗಿನಿಂದ ಗುತ್ತಿಗೆಯ ಮೇಲೆ ಮಾಡಿಕೊಟ್ಟವರ ಹಕ್ಕು, ಲಿಖಿತವಾಗಿ ಬಿಟ್ಟುಕೊಡುವ ತನಕ ಅವರಲ್ಲೇ ಉಳಿಯುತ್ತದೆ. ಹಣ ಕೊಟ್ಟವರಿಗೆ ಸಿಕ್ಕಿದ್ದು ಬಳಸಿಕೊಳ್ಳುವ ಅನುಮತಿ, ಅದೂ ಎಷ್ಟು ದೂರದವರೆಗೆ ಎಂಬುದು ವಾದಕ್ಕೆ ಬಿಟ್ಟದ್ದು.

ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಮನೆಯಿಲ್ಲದವರ ಪರವಾಗಿ ದುಡಿಯುತ್ತಿದ್ದ ಸಂಸ್ಥೆಯೊಂದು ಶಿಲ್ಪಿಯೊಬ್ಬರಿಂದ ಶಿಲ್ಪ ಮಾಡಿಸಿತ್ತು. ಕಲ್ಪನೆ ಸಂಸ್ಥೆಯದು, ಖರ್ಚು ಸಂಸ್ಥೆಯದು, ಕೆಲಸ ನಡೆಯುವಾಗ ಸಲಹೆ ಸೂಚನೆಗಳೂ ಸಂಸ್ಥೆಯವು. ಕಾಗದದ ಮೇಲೆ ಮಾತ್ರ ಏನೂ ಇರಲಿಲ್ಲ. ಶಿಲ್ಪಿ ಸಂಸ್ಥೆಯ ಉದ್ಯೋಗಿಯಲ್ಲ, ಸ್ವತಂತ್ರ ಗುತ್ತಿಗೆದಾರ. ಆದ್ದರಿಂದ ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ಕೃತಿ ಸಂಸ್ಥೆಯದಾಗದು ಎಂದಿತು ನ್ಯಾಯಾಲಯ.

ವೆಬ್‌ಸೈಟ್ ಬರೆದುಕೊಟ್ಟ ಪ್ರೋಗ್ರಾಮರ್, ಉತ್ಪನ್ನದ ಫೋಟೊ ತೆಗೆದವರು, ಬಳಕೆದಾರರ ಕೈಪಿಡಿ ಬರೆದವರು, ಎಲ್ಲರ ವಿಷಯದಲ್ಲೂ ಇದೇ ಮಾತು. ‘ಈ ಕೆಲಸದ ಕೃತಿಸ್ವಾಮ್ಯವನ್ನೂ ಇತರ ಎಲ್ಲ ಹಕ್ಕುಗಳನ್ನೂ ಇಂಥ ಸಂಸ್ಥೆಗೆ ಹಸ್ತಾಂತರಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದ ಒಂದು ಪುಟ ಇದ್ದರೆ ತೊಂದರೆಯ ಬಹುಪಾಲು ಅಲ್ಲಿಯೇ ತೀರುತ್ತದೆ. ಕೆಲಸ ಕೊಡುವಾಗ ಈ ಸಹಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಐದು ವರ್ಷದ ನಂತರ, ಉದ್ಯಮ ಹೆಸರು ಮಾಡಿ ಹೂಡಿಕೆದಾರರು ಬಾಗಿಲಿಗೆ ಬಂದಾಗ ಕೇಳಿದರೆ, ಅದೇ ಸಹಿಗೆ ಬೆಲೆ ಏರಿರುತ್ತದೆ. ಪಾಲುದಾರರ ನಡುವೆಯೂ ಹೀಗೆಯೇ. ಟ್ರೇಡ್‌ಮಾರ್ಕ್ ಅರ್ಜಿಯನ್ನು ಸಂಸ್ಥೆಯ ಬದಲು ಒಬ್ಬ ಪಾಲುದಾರರ ಹೆಸರಿನಲ್ಲಿ ಹಾಕಿದ್ದರೆ, ಜಗಳವಾದ ದಿನ ಆ ಹೆಸರು ಅವರೊಂದಿಗೇ ಹೊರಟುಹೋಗಬಹುದು.

ಇನ್ನು ಬಾಯಿಬಿಡುವ ವಿಷಯ. ಪೇಟೆಂಟಿನ ಜೀವಾಳ ಹೊಸತನ. ಲೋಕಕ್ಕೆ ಈಗಾಗಲೇ ಗೊತ್ತಾಗಿರುವುದಕ್ಕೆ ಪೇಟೆಂಟ್ ಇಲ್ಲ, ಗೊತ್ತುಮಾಡಿದವರು ಸ್ವತಃ ನೀವೇ ಆಗಿದ್ದರೂ ಸಹ. ಯುರೋಪಿನ ಪೇಟೆಂಟ್ ವ್ಯವಸ್ಥೆ ಈ ವಿಷಯದಲ್ಲಿ ಬಲು ಕಠಿಣ. ಅರ್ಜಿಗೆ ಒಂದು ದಿನ ಮುಂಚೆ ಪ್ರದರ್ಶನದ ಮಳಿಗೆಯಲ್ಲಿ ಯಂತ್ರದ ಒಳಗನ್ನು ತೆರೆದು ತೋರಿಸಿದ್ದರೂ ಹೊಸತನ ಹೋದಂತೆಯೇ. ಕೆಲವೇ ಕೆಲವು ವಿನಾಯಿತಿಗಳಿವೆ, ಅವು ಸಾಮಾನ್ಯ ವ್ಯಾಪಾರ ಮೇಳಗಳಿಗೆ ಒದಗುವುದಿಲ್ಲ. ಅಮೆರಿಕ ಮತ್ತು ಜಪಾನ್ ಆವಿಷ್ಕಾರ ಮಾಡಿದವರಿಗೆ, ತಾವೇ ಬಹಿರಂಗಪಡಿಸಿದ ಮೇಲೂ ಅರ್ಜಿ ಹಾಕಲು ಒಂದು ವರ್ಷದ ರಿಯಾಯಿತಿ ಅವಧಿ ಕೊಡುತ್ತವೆ. ಆದರೆ ಒಂದು ದೇಶದ ರಿಯಾಯಿತಿಯನ್ನು ನಂಬಿ ಮಾತಾಡಿದವರಿಗೆ ಇನ್ನೊಂದು ದೇಶದ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಜನರಿಂದ ಹಣ ಸಂಗ್ರಹಿಸಲು ಹಾಕುವ ವಿಡಿಯೊ, ಸ್ಪರ್ಧೆಗೆ ಕಳುಹಿಸಿದ ವಿವರಣೆ, ಪತ್ರಿಕೆಗೆ ಕೊಟ್ಟ ಸಂದರ್ಶನ ಎಲ್ಲವೂ ಬಹಿರಂಗಪಡಿಸಿದ ಲೆಕ್ಕಕ್ಕೇ ಸೇರುತ್ತವೆ. ಸಣ್ಣ ಉದ್ಯಮಕ್ಕೆ ಪ್ರಚಾರ ಉಸಿರಿನಷ್ಟೇ ಅಗತ್ಯ, ಅದಕ್ಕೇ ಈ ತಪ್ಪು ಪದೇಪದೇ ನಡೆಯುತ್ತದೆ. ಪ್ರಚಾರ ಬೇಡ ಎಂದು ಯಾರೂ ಹೇಳಲಾರರು. ಅರ್ಜಿ ಮೊದಲು, ವಿಡಿಯೊ ಆಮೇಲೆ ಎಂಬ ಕ್ರಮವನ್ನು ಪಾಲಿಸಿದರೆ ಸಾಕು.

ಅರ್ಜಿ ಎಂದೊಡನೆ ಎಲ್ಲ ದೇಶಗಳಲ್ಲೂ ಒಮ್ಮೆಗೇ ಹಣ ಸುರಿಯಬೇಕೆಂಬ ಭಯ ಬೇಡ. 1883ರ ಪ್ಯಾರಿಸ್ ಒಡಂಬಡಿಕೆ ಸಣ್ಣವರಿಗೆ ಬಹಳ ಉಪಕಾರ ಮಾಡಿದೆ. ಸದಸ್ಯ ದೇಶವೊಂದರಲ್ಲಿ ಪೇಟೆಂಟಿಗೆ ಮೊದಲ ಅರ್ಜಿ ಹಾಕಿದರೆ, 12 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲಿ ಹಾಕುವ ಅರ್ಜಿಗಳಿಗೂ ಅದೇ ಮೊದಲ ದಿನಾಂಕದ ಆದ್ಯತೆ ಸಿಗುತ್ತದೆ. ಟ್ರೇಡ್‌ಮಾರ್ಕ್ ಮತ್ತು ವಿನ್ಯಾಸಕ್ಕೆ ಈ ಅವಧಿ 6 ತಿಂಗಳು. 1970ರ ಪೇಟೆಂಟ್ ಸಹಕಾರ ಒಡಂಬಡಿಕೆಯ ದಾರಿ ಹಿಡಿದರೆ ಒಂದು ಅಂತರರಾಷ್ಟ್ರೀಯ ಅರ್ಜಿಯ ಬಲದಿಂದ, ಯಾವ ಯಾವ ದೇಶ ಬೇಕೆಂದು ತೀರ್ಮಾನಿಸಿ ಅಲ್ಲಿನ ಶುಲ್ಕ ಕಟ್ಟಲು ಸಾಮಾನ್ಯವಾಗಿ 30 ತಿಂಗಳವರೆಗೆ ಸಮಯವಿರುತ್ತದೆ. ಈ ಕಾಲವನ್ನು ನಾನು ಸಣ್ಣ ಉದ್ಯಮದ ಪರೀಕ್ಷಾ ಅವಧಿ ಎಂದೇ ಕಾಣುತ್ತೇನೆ. ಅಷ್ಟರಲ್ಲಿ ಸರಕು ಓಡುತ್ತದೆಯೋ ಇಲ್ಲವೋ ತಿಳಿದುಬಿಡುತ್ತದೆ. ಓಡದಿದ್ದರೆ ದೊಡ್ಡ ಖರ್ಚಿಗೆ ಮುನ್ನವೇ ಕೈಬಿಡಬಹುದು. ಇಷ್ಟಾದರೂ ಪ್ರತಿಯೊಂದಕ್ಕೂ ಪೇಟೆಂಟ್ ಮಾಡಿಸುವುದು ಬುದ್ಧಿವಂತಿಕೆಯಲ್ಲ. ಪೇಟೆಂಟ್ ಎಂದರೆ ಗುಟ್ಟನ್ನು ಸಂಪೂರ್ಣವಾಗಿ ಬರೆದುಕೊಟ್ಟು ಸೀಮಿತ ಕಾಲದ ಹಕ್ಕು ಪಡೆಯುವ ವಿನಿಮಯ. ಎರಡೇ ವರ್ಷದಲ್ಲಿ ಹಳತಾಗುವ ತಂತ್ರಕ್ಕೆ ಆ ವಿನಿಮಯ ಲಾಭದ್ದಲ್ಲ.

ಬಹುತೇಕ ಸಣ್ಣ ಉದ್ಯಮಗಳಿಗೆ ಪೇಟೆಂಟಿಗಿಂತ ಹೆಸರು ದೊಡ್ಡ ಆಸ್ತಿ. ಅದನ್ನು ಆರಿಸುವಾಗಲೇ ಎಡವುವವರು ಹೆಚ್ಚು. ಮಾರುವ ಸರಕನ್ನೇ ಬಣ್ಣಿಸುವ ಹೆಸರು ಗಿರಾಕಿಗೆ ಬೇಗ ಅರ್ಥವಾಗುತ್ತದೆ, ಆದರೆ ಕಾನೂನಿನ ಕಣ್ಣಿನಲ್ಲಿ ಅದು ಎಲ್ಲ ವ್ಯಾಪಾರಿಗಳಿಗೂ ಸೇರಿದ ಮಾತು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೋಂದಾಯಿಸಿದ ಕೊಡಾಕ್ ಎಂಬ ಪದಕ್ಕೆ ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ. ಅವರೇ ಅಕ್ಷರ ಜೋಡಿಸಿ ಹುಟ್ಟಿಸಿದ್ದು. ಅಂಥ ಹೆಸರಿನ ಮೇಲಿನ ಹಿಡಿತ ಬಿಗಿಯಾಗಿರುತ್ತದೆ. ಆ ಹಿಡಿತವೂ ಸಡಿಲವಾದದ್ದುಂಟು. ಎಸ್ಕಲೇಟರ್ ಒಂದು ಕಾಲಕ್ಕೆ ಓಟಿಸ್ ಕಂಪನಿಯ ಟ್ರೇಡ್‌ಮಾರ್ಕ್ ಆಗಿತ್ತು. ಕಂಪನಿಯೇ ತನ್ನ ಜಾಹೀರಾತುಗಳಲ್ಲಿ ಅದನ್ನು ಸಾಮಾನ್ಯ ವಸ್ತುವಾಚಕದಂತೆ ಬಳಸಿದ್ದು 1950ರಲ್ಲಿ ಅಮೆರಿಕದಲ್ಲಿ ಆ ನೋಂದಣಿ ರದ್ದಾಗಲು ಕಾರಣವಾಯಿತು.

ಕಂಪನಿ ನೋಂದಣಿಯಾಗಿದೆ, ವೆಬ್ ವಿಳಾಸ ಸಿಕ್ಕಿದೆ, ಹಾಗಾಗಿ ಹೆಸರು ನಮ್ಮದೇ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಕಂಪನಿ ನೋಂದಣಿ ಒಂದು ಕಚೇರಿಯದು, ಟ್ರೇಡ್‌ಮಾರ್ಕ್ ಇನ್ನೊಂದರದು, ವೆಬ್ ವಿಳಾಸಕ್ಕೆ ಇವೆರಡರ ಸಂಬಂಧವೂ ಇಲ್ಲ. ಟ್ರೇಡ್‌ಮಾರ್ಕ್ ಕೂಡ ಎಲ್ಲ ವಸ್ತುಗಳಿಗೂ ಅನ್ವಯಿಸುವುದಿಲ್ಲ. ಲೋಕದ ಸರಕು ಸೇವೆಗಳನ್ನೆಲ್ಲ 45 ವರ್ಗಗಳಾಗಿ ವಿಂಗಡಿಸಲಾಗಿದೆ. ನೀವು ಕೇಳಿದ ವರ್ಗ, ನೀವು ಬರೆದ ಸರಕಿನ ಪಟ್ಟಿ, ನೀವು ಅರ್ಜಿ ಹಾಕಿದ ದೇಶ, ಇಷ್ಟಕ್ಕೇ ಹಕ್ಕಿನ ಮುಖ್ಯ ವ್ಯಾಪ್ತಿ. ಕೆಲವು ದೇಶಗಳು ಮೊದಲು ಬಳಸಿದವರಿಗೆ ಮನ್ನಣೆ ಕೊಡುತ್ತವೆ. ಚೀನಾದಂಥ ದೇಶಗಳಲ್ಲಿ ಮುಖ್ಯ ನಿಯಮ ಮೊದಲು ಅರ್ಜಿ ಹಾಕಿದವರದ್ದು. ಸರಕನ್ನು ಅಲ್ಲಿ ತಯಾರಿಸಲು ಕೊಟ್ಟ ಸಣ್ಣ ಕಂಪನಿ, ಅಲ್ಲಿ ಮಾರುವುದಿಲ್ಲವಲ್ಲ ಎಂದು ಸುಮ್ಮನಿದ್ದರೆ, ಬೇರೆಯವರು ಅದೇ ಹೆಸರನ್ನು ನೋಂದಾಯಿಸಿ ರಫ್ತನ್ನೇ ತಡೆಯುವ ಅಪಾಯವಿದೆ. ತಯಾರಿಸುವ ದೇಶವನ್ನೂ ಮಾರುವ ದೇಶದಷ್ಟೇ ಗಂಭೀರವಾಗಿ ಎಣಿಸಬೇಕು. ಹಲವು ದೇಶಗಳಿಗೆ ಒಂದೇ ಅರ್ಜಿ ಸಾಕಾಗುವ ಮ್ಯಾಡ್ರಿಡ್ ವ್ಯವಸ್ಥೆ ಇಲ್ಲಿ ಒದಗುತ್ತದೆ. ಆದರೆ ಮೊದಲ ಐದು ವರ್ಷ ಎಲ್ಲವೂ ಮೂಲ ದೇಶದ ಅರ್ಜಿಯನ್ನೇ ಆತುಕೊಂಡಿರುತ್ತವೆ, ಅದು ಬಿದ್ದರೆ ಉಳಿದವೂ ಬೀಳುತ್ತವೆ.

ವ್ಯಾಪಾರ ರಹಸ್ಯದ ಬಗ್ಗೆ ಈಗ ಮೊದಲಿಗಿಂತ ಹೆಚ್ಚು ಎಚ್ಚರ ಬೇಕಾಗಿದೆ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಮಾಡಿಕೊಂಡ, 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಮೂರು ಲಕ್ಷಣ ಹೇಳುತ್ತದೆ: ಮಾಹಿತಿ ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ವಾಣಿಜ್ಯ ಮೌಲ್ಯ ಇರಬೇಕು, ಗುಟ್ಟಾಗಿಡಲು ಅದರ ಒಡೆಯರು ಸಮಂಜಸವಾದ ಕ್ರಮ ಕೈಗೊಂಡಿರಬೇಕು. ಸಣ್ಣ ಉದ್ಯಮಗಳು ಎಡವುವುದು ಮೂರನೆಯದರಲ್ಲಿ. ಗಿರಾಕಿಗಳ ಪಟ್ಟಿ, ಸರಬರಾಜುದಾರರ ದರ, ಮಿಶ್ರಣದ ಪ್ರಮಾಣ ಎಲ್ಲವೂ ಒಂದೇ ಫೋಲ್ಡರಿನಲ್ಲಿರುತ್ತವೆ. ಪಾಸ್‌ವರ್ಡ್ ಎಲ್ಲರಿಗೂ ಒಂದೇ, ವರ್ಷಗಳಿಂದ ಬದಲಾಗಿಲ್ಲ. ನಂಬಿಕಸ್ತ ಉದ್ಯೋಗಿ ಕೆಲಸ ಬಿಟ್ಟು ಪ್ರತಿಸ್ಪರ್ಧಿಯ ಬಳಿಗೆ ಹೋಗುತ್ತಾರೆ, ಆ ಫೋಲ್ಡರ್ ಅವರ ಮೊಬೈಲಿನಲ್ಲಿ ಇನ್ನೂ ತೆರೆಯುತ್ತಿರುತ್ತದೆ. ನ್ಯಾಯಾಲಯದಲ್ಲಿ ಅದು ರಹಸ್ಯವಾಗಿತ್ತು ಎಂದು ವಾದಿಸಿದರೆ, ಹಾಗಾದರೆ ಕಾಪಾಡಲು ನೀವೇನು ಮಾಡಿದಿರಿ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಯಾರಿಗೆ ಎಷ್ಟು ಬೇಕೋ ಅಷ್ಟೇ ತೆರೆದಿಡುವುದು, ಗೋಪ್ಯತಾ ಒಪ್ಪಂದಕ್ಕೆ ಸಹಿ ಪಡೆಯುವುದು, ಕೆಲಸ ಬಿಡುವ ದಿನವೇ ಪ್ರವೇಶ ಮುಚ್ಚುವುದು, ಇವೆಲ್ಲ ಸಣ್ಣ ಕೆಲಸಗಳು. ಉದ್ಯೋಗಿಯ ಮೇಲಿನ ಅಪನಂಬಿಕೆ ಎಂದು ಇದನ್ನು ಭಾವಿಸಬೇಕಿಲ್ಲ. ಯಾವುದು ಸಂಸ್ಥೆಯ ಗುಟ್ಟು, ಯಾವುದು ತನ್ನ ಕೈಕಸುಬು ಎಂಬ ಗೆರೆ ಸ್ಪಷ್ಟವಾದರೆ ಉದ್ಯೋಗಿಗೂ ನೆಮ್ಮದಿ. ಒಂದು ಮಿತಿಯನ್ನೂ ನೆನಪಿಡಬೇಕು. ನಿಮ್ಮ ಸರಕನ್ನು ಕೊಂಡು, ಬಿಚ್ಚಿ ನೋಡಿ, ತಯಾರಿಸುವ ಬಗೆಯನ್ನು ತಾನಾಗಿ ಕಂಡುಕೊಂಡವನನ್ನು ಈ ಹಕ್ಕು ಸಾಮಾನ್ಯವಾಗಿ ತಡೆಯುವುದಿಲ್ಲ.

ಕೃತಕ ಬುದ್ಧಿಮತ್ತೆಯ ಉಪಕರಣಗಳು ಈ ಸೋರಿಕೆಗೆ ಹೊಸ ತೂತು ಕೊರೆದಿವೆ. ದರಪಟ್ಟಿಯನ್ನೋ ಪ್ರೋಗ್ರಾಮಿನ ಮೂಲ ಸಂಕೇತವನ್ನೋ ಉಚಿತ ಚಾಟ್ ಸೇವೆಯೊಂದಕ್ಕೆ ಅಂಟಿಸಿ, ಸರಿಪಡಿಸಿಕೊಡು ಎಂದು ಕೇಳುವುದು ಈಗ ದಿನನಿತ್ಯದ ಕೆಲಸ. ಆ ಸೇವೆಯ ಷರತ್ತುಗಳನ್ನು ಅವಲಂಬಿಸಿ, ಕೊಟ್ಟ ಮಾಹಿತಿ ಹೊರಗಿನವರ ಸರ್ವರಿನಲ್ಲಿ ಉಳಿಯಬಹುದು, ತರಬೇತಿಗೂ ಬಳಕೆಯಾಗಬಹುದು. ಸಮಂಜಸ ಕ್ರಮ ಕೈಗೊಂಡಿದ್ದೆವು ಎಂಬ ವಾದಕ್ಕೆ ಆಗ ಪೆಟ್ಟು ಬೀಳುತ್ತದೆ. ಇನ್ನೊಂದು ಮಗ್ಗುಲೂ ಇದೆ. ಯಂತ್ರವೇ ಪೂರ್ತಿಯಾಗಿ ರಚಿಸಿದ ಚಿತ್ರಕ್ಕೆ ಅಮೆರಿಕದಲ್ಲಿ ಕೃತಿಸ್ವಾಮ್ಯ ಇಲ್ಲ. ಕರ್ತೃ ಮನುಷ್ಯನಾಗಿರಲೇಬೇಕು ಎಂದು ಅಲ್ಲಿನ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಫೆಡರಲ್ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಕ್ಷಣಮಾತ್ರದಲ್ಲಿ, ಹೆಚ್ಚು ಖರ್ಚಿಲ್ಲದೆ ದೊರೆತ ಲೋಗೊವನ್ನು ಬೇರೊಬ್ಬರು ಎತ್ತಿಕೊಂಡರೆ ಕೃತಿಸ್ವಾಮ್ಯದ ಬಲ ಇಲ್ಲದೆ ಹೋಗಬಹುದು. ಟ್ರೇಡ್‌ಮಾರ್ಕಿಗೆ ಮಾತ್ರ ಕರ್ತೃ ಯಾರೆಂಬುದು ಮುಖ್ಯವಲ್ಲ, ಗಿರಾಕಿಯ ಮನಸ್ಸಿನಲ್ಲಿ ಅದು ನಿಮ್ಮನ್ನು ಸೂಚಿಸಬೇಕು ಅಷ್ಟೇ. ಅಂಥ ಲೋಗೊ ಇಟ್ಟುಕೊಂಡವರಿಗೆ ನೋಂದಣಿಯ ಅಗತ್ಯ ಇನ್ನೂ ಹೆಚ್ಚು.

ಕಾಗದಪತ್ರಗಳೆಲ್ಲ ಸರಿಯಾಗಿದ್ದರೂ ಹಕ್ಕನ್ನು ಜಾರಿಗೊಳಿಸುವ ಹೊಣೆ ಹಕ್ಕುದಾರರದ್ದೇ. ರಾಬರ್ಟ್ ಕರ್ನ್ಸ್ ಎಂಬ ಅಮೆರಿಕದ ಎಂಜಿನಿಯರ್, ಬಿಟ್ಟು ಬಿಟ್ಟು ಚಲಿಸುವ ಕಾರಿನ ವೈಪರಿಗೆ 1964ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1967ರಲ್ಲಿ ಪೇಟೆಂಟ್ ಬಂತು. ಫೋರ್ಡ್ ಕಂಪನಿಗೆ ತಮ್ಮ ವೈಪರನ್ನು ತೋರಿಸಿಯೂ ಇದ್ದರು. ಆ ಕಂಪನಿ ಅಂಥದೇ ವೈಪರುಗಳನ್ನು ತನ್ನ ಕಾರುಗಳಿಗೆ ಅಳವಡಿಸಿತು. 1978ರಲ್ಲಿ ಕರ್ನ್ಸ್ ದಾವೆ ಹೂಡಿದರು. 1990ರಲ್ಲಿ ಫೋರ್ಡ್ 1.02 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ಆಮೇಲೆ ಕ್ರೈಸ್ಲರ್ ಕಂಪನಿಯಿಂದಲೂ ಬಡ್ಡಿ ಸೇರಿ ಸುಮಾರು 3 ಕೋಟಿ ಡಾಲರ್ ಬಂತು. ಅಷ್ಟರಲ್ಲಿ ಅವರ ದಾಂಪತ್ಯ ಮುರಿದಿತ್ತು, ಆರೋಗ್ಯ ಕೆಟ್ಟಿತ್ತು. ಸ್ವಂತ ಕಾರ್ಖಾನೆ ತೆರೆದು ವೈಪರ್ ತಯಾರಿಸಬೇಕೆಂಬುದು ಅವರ ಆಸೆಯಾಗಿತ್ತು. ಗೆದ್ದಾಗ ಮೊದಲ ಪೇಟೆಂಟಿನ ಅವಧಿ ಮುಗಿದಿತ್ತು. ಹೀಗೆ ವರ್ಷಗಟ್ಟಲೆ ಹೋರಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದು ಬಯಸುವುದೂ ಕ್ರೌರ್ಯ.

ಆದ್ದರಿಂದ ಸಣ್ಣ ಉದ್ಯಮದ ಹೋರಾಟ ಬಹುಪಾಲು ನ್ಯಾಯಾಲಯದ ಹೊರಗೇ ನಡೆಯಬೇಕು. ಮೊದಲು ಪುರಾವೆ: ನಕಲಿ ಸರಕಿನ ಪುಟದ ದಿನಾಂಕಸಹಿತ ಚಿತ್ರ, ಒಂದು ಮಾದರಿಯ ಖರೀದಿ, ಅದರ ರಸೀದಿ. ಆಮೇಲೆ ವಕೀಲರ ಮೂಲಕ ಅಳೆದು ತೂಗಿ ಬರೆದ ನೋಟಿಸ್. ಬೆದರಿಕೆಯ ಭಾಷೆ ಬೇಡ, ಆಧಾರವಿಲ್ಲದ ಬೆದರಿಕೆಗೆ ಕೆಲವು ದೇಶಗಳಲ್ಲಿ ನಿಮ್ಮ ಮೇಲೆಯೇ ದಾವೆ ಹೂಡಬಹುದು. ಎದುರಾಳಿ ಮಾತುಕತೆಗೆ ಸಿದ್ಧರಿದ್ದರೆ ಶುಲ್ಕ ಪಡೆದು ಲೈಸೆನ್ಸ್ ಕೊಡುವುದು ಎಷ್ಟೋ ಸಲ ತಡೆಯಾಜ್ಞೆಗಿಂತ ಲಾಭಕರ. ಗಡಿಯಲ್ಲೇ ನಕಲಿ ಸರಕನ್ನು ತಡೆಯಲು ಹಲವು ದೇಶಗಳ ಸುಂಕದ ಇಲಾಖೆಗಳು ಟ್ರೇಡ್‌ಮಾರ್ಕುಗಳನ್ನು ದಾಖಲಿಸಿಕೊಳ್ಳುತ್ತವೆ.

ಇವೆಲ್ಲಕ್ಕಿಂತ ಬೇಗ ಫಲ ಕೊಡುವುದು ಆನ್‌ಲೈನ್ ಮಾರಾಟ ತಾಣಗಳ ದೂರು ವ್ಯವಸ್ಥೆ. ಇಂದು ನಕಲಿನ ದೊಡ್ಡ ಸಂತೆ ಅಲ್ಲಿಯೇ ಇದೆ, ಅದನ್ನು ತೆಗೆಸುವ ದಾರಿಯೂ ಅಲ್ಲಿಯೇ ಇದೆ. ಪುಟ ತೆರೆದು, ನಕಲಿ ಸರಕಿನ ಕೊಂಡಿಯನ್ನು ಅಂಟಿಸಿ, ಇದು ನಮ್ಮ ಹೆಸರು, ನಮ್ಮ ರೂಪ ಎಂದು ದೂರು ಬರೆಯಲು ಕುಳಿತವರಿಗೆ ನಮೂನೆಯ ಆರಂಭದಲ್ಲೇ ಒಂದು ಖಾಲಿ ಜಾಗ ಕಾಣಿಸುತ್ತದೆ. ನೋಂದಣಿ ಸಂಖ್ಯೆ ತುಂಬಿ ಎಂದು ಅದು ಕೇಳುತ್ತದೆ.